ಕೆರೆ ಜಾಗದ ಅಧ್ಯಾಯ

ಬೆಳಿಗ್ಗೆ ಆರು ಗಂಟೆಗೆ ನೀಲಾಂಬಿಕಾ ಗಟ್ಟಿಯಾಗಿ ಓದಲು ಕಾನೂನಿನ ಪುಸ್ತಕ ತೆರೆದಳು. ಮನೆಯವರೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡರು.

ಆ ನಾಡಿನಲ್ಲಿ ಕಾನೂನು ಅದನ್ನು ತಿಳಿದವರಿಗೆ ಮಾತ್ರ ಅನ್ವಯಿಸುತ್ತಿತ್ತು. ತಿಳಿದವರು ತಪ್ಪು ಕಂಡರೆ ಅಂದೇ ದೂರು ಕೊಡಬೇಕು, ಇಲ್ಲವಾದರೆ ಜೈಲು. ಹಾಗಾಗಿ ಅದನ್ನು ಓದುತ್ತಿದ್ದವರು ಆಡಳಿತ ಸೇವೆಯ ಪರೀಕ್ಷೆಗೆ ಕಾನೂನನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ಕೆಲವರು ಮಾತ್ರ.

ಅಪ್ಪ ಈರಪ್ಪ ಒಂದು ಕಿವಿಯ ಹತ್ತಿ ತೆಗೆದ. "ಎಲ್ಲೀತನಕ ಬಂತು?"

"ಮುಂದಿಂದು ಕೆರೆ ಜಾಗದ ಅಧ್ಯಾಯ, ಅಪ್ಪಾ."

ಅವರ ಮನೆ ಇದ್ದದ್ದು ಮುಚ್ಚಿದ ಕೆರೆಯ ಮೇಲೆ.

"ಅದೊಂದು ಬಿಟ್ಟು ಓದವ್ವಾ. ಹೋದ ವರ್ಷ ನೀ ಓದಿದ್ದಕ್ಕ ನಿಮ್ಮ ಮಾವನ ಅಂಗಡಿ ಮುಚ್ಚಿತು."

"ಅದರಾಗ ಪ್ರತಿ ವರ್ಷ ಒಂದು ಪ್ರಶ್ನೆ ಬರ್ತೈತಿ."

"ಬರಲಿ. ನೀ ದೊಡ್ಡ ಸಾಹೇಬಳಾಗು. ನಾವು ಬೀದ್ಯಾಗ ಕುಂತು ಚಪ್ಪಾಳಿ ತಟ್ಟತೀವಿ!"

ಬೇಡವಾದ ಅಧ್ಯಾಯಗಳಿಗೆ ಎಲ್ಲ ಅಭ್ಯರ್ಥಿಗಳೂ ಮಾಡುವಂತೆ, ನೀಲಾ ಆ ಪುಟಗಳನ್ನು ಸೂಜಿದಾರದಿಂದ ಹೊಲಿದುಬಿಟ್ಟಳು. ಈರಪ್ಪ ಸಮಾಧಾನದಿಂದ ಚಹಾ ಕುಡಿಯಲು ಹೋದ.

ಮರುವಾರ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯೇ ಕೆರೆ ಜಾಗದ್ದು. ಅಭ್ಯರ್ಥಿಗಳಿಗೆ ಅನುಕೂಲವಾಗಲೆಂದು ಪ್ರಶ್ನೆಯ ಮೇಲೆ ಕಾನೂನಿನ ಆ ಕಲಮನ್ನು ಪೂರ್ತಿಯಾಗಿ ಅಚ್ಚು ಹಾಕಿದ್ದರು. ಕೆರೆಯ ಮೇಲೆ ಕಟ್ಟಿದ ಮನೆಯನ್ನು ಕೆಡವತಕ್ಕದ್ದು ಎಂಬ ಸಾಲನ್ನು ನೀಲಾ ಓದಿ ಮುಗಿಸಿದ ಮೇಲೆಯೇ ಕಣ್ಣು ಮುಚ್ಚಿಕೊಂಡಳು.

ಉತ್ತರ ಚೆನ್ನಾಗಿಯೇ ಬರೆದಳು. ಸಂಜೆ ವಾರ್ಡ್ ಕಚೇರಿಗೆ ಹೋಗಿ ತಮ್ಮ ಮನೆಯ ವಿಳಾಸ ಕೊಟ್ಟಳು.

ಮರುದಿನ ಒಬ್ಬ ಅಧಿಕಾರಿ ಬಂದು ಈರಪ್ಪನನ್ನು ಹೊರಗೆ ಕರೆದು, ಆ ಕಲಮನ್ನು ಗಟ್ಟಿಯಾಗಿ ಓದಿ ಹೇಳಿದ. ಮಧ್ಯಾಹ್ನದೊಳಗೆ ಮನೆ ಕೆಡವಿದರು.