ಜಲಜಳ ಪುಟ

“ಆ ಕಾಣೆಯಾದ ಹೆಂಗ್ಸಿನ ಪುಟ ತೆಗ್ದ್ ಹಾಕ್ಕಂಬ್ರ್,” ಎನ್ನುತ್ತ ಪಕ್ಕದ ಮೇಜಿನ ಮನೀಷ್ ಫೋನ್ ಇಟ್ಟ. “ಕೋಟೇಶ್ವರದ ಜಲಜ ಅಂತ ಇತ್ತಲ್ದಾ, ಅದ್.”

ತೃಷಾಳ ಬೆರಳುಗಳು ಕೀಲಿಮಣೆಯ ಮೇಲೆಯೇ ನಿಂತವು.

“ಯಾರ್ ಫೋನ್ ಮಾಡಿದ್?”

“ಗಂಡ ಅಂಬ್ರ್. ಫೋಟೊ ಊರಿಗೆಲ್ಲ ಕಾಂತಿತ್ತ್, ಮರ್ಯಾದಿ ಹೋತಿತ್ತ್ ಅಂತ ಬೈದ್ರ್.”

ಅವಳು ತಲೆಯೆತ್ತಲಿಲ್ಲ. ಜಲಜ ತನ್ನ ತಾಯಿ ಎಂದು ಈ ಕಚೇರಿಯಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ.

ಕುಂದಾಪುರದ ಹಳೆಯ ಕಟ್ಟಡವೊಂದರ ಮಹಡಿಯ ಮೇಲಿದ್ದ ಆ ಸುದ್ದಿ ಜಾಲತಾಣಕ್ಕೆ ತೃಷಾ ಸೇರಿದ್ದು ಒಂದೇ ಕೆಲಸಕ್ಕೆ. ಹಳೆಯ ತಾಣದ ಬರಹಗಳನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸಬೇಕಿತ್ತು. ಹಳೆಯದರಲ್ಲಿ ಅಕ್ಷರಗಳೆಲ್ಲ ಯಾವುದೋ ಕಾಲದ ಫಾಂಟಿನಲ್ಲಿದ್ದವು. ಓದುವವರ ಕಣ್ಣಿಗೆ ಕನ್ನಡ, ಗೂಗಲ್‌ಗೆ ಬರೀ ಕಸ. ಯಾರ ಹೆಸರು ಹಾಕಿ ಹುಡುಕಿದರೂ ಏನೂ ಸಿಗುತ್ತಿರಲಿಲ್ಲ. ತೃಷಾ ಅವನ್ನೆಲ್ಲ ಹೊಸ ಅಕ್ಷರಕ್ಕೆ ಪರಿವರ್ತಿಸಿ, ಕಳಚಿ ಬಿದ್ದ ಒತ್ತಕ್ಷರಗಳನ್ನು ಕೂಡಿಸಿ, ಪುಟ ಪುಟವಾಗಿ ಸಾಗಿಸುತ್ತಿದ್ದಳು.

“ಜನ ನೋಡದ್ದನ್ನೆಲ್ಲ ಬಿಟ್ಟ್ ಬಿಡ್,” ಎಂದಿದ್ದರು ಮಾಲೀಕ ಲೀಲಾಧರ. ಕಾಣೆಯಾದವರ ಪ್ರಕಟಣೆಗಳನ್ನು ಯಾರೂ ನೋಡುತ್ತಿರಲಿಲ್ಲ. ಆದರೂ ತಾಯಿಯದೊಂದನ್ನು ಅವಳು ಬಿಡಲಿಲ್ಲ. ಹಸಿರು ಸೀರೆಯ ಹೆಂಗಸು, ಭುಜದ ಮೇಲೆ ಒಂದು ಪುಟ್ಟ ಕೈ. ಆ ಕೈಯ ಒಡತಿಯನ್ನು ಚಿತ್ರದಿಂದ ಕತ್ತರಿಸಿದ್ದರು. ‘ಬೈಂದೂರಿನ ಮದುವೆಗೆಂದು ಹೋದವರು ಮನೆಗೆ ಮರಳಿಲ್ಲ. ಕಂಡವರು ತಿಳಿಸಿ.’

ಆಗ ತೃಷಾ ಎರಡನೇ ತರಗತಿ.

ಹೊಸ ಪುಟ ತೆರೆದ ದಿನ ಅವಳು ಗೂಗಲ್‌ನಲ್ಲಿ ತಾಯಿಯ ಹೆಸರು ಬರೆದು ನೋಡಿದ್ದಳು. ಮೊದಲ ಸಾಲಿನಲ್ಲೇ ತಾಯಿಯ ಮುಖ. ಇಷ್ಟು ವರ್ಷ ಲೋಕಕ್ಕೆ ಕಾಣದೇ ಹೋಗಿದ್ದವಳು ಈಗ ಯಾರು ಹುಡುಕಿದರೂ ಸಿಗುತ್ತಾಳೆ. ಆಸ್ಪತ್ರೆಯವರಿಗೆ, ಆಶ್ರಮದವರಿಗೆ, ದೂರದ ಊರಿನ ಯಾವನೋ ಪುಣ್ಯಾತ್ಮನಿಗೆ. ಅವಳಿಗೆ ಕುಳಿತಲ್ಲೇ ಅಳು ಬಂದಿತ್ತು.

ಅದಾಗಿ ವಾರ ಕಳೆದಿಲ್ಲ, ಗಂಡನ ಫೋನ್.

ಸಂಜೆ ಬಸ್ಸಿನಲ್ಲಿ ಕೋಟೇಶ್ವರಕ್ಕೆ ಹೋಗುವಾಗ ಅವಳಿಗೆ ಒಂದೊಂದೇ ನೆನಪಾಯಿತು. ಗೇರುಬೀಜದ ಕಾರ್ಖಾನೆಯ ಲಾರಿ ಓಡಿಸುವ ಅಪ್ಪ ರಾಘವೇಂದ್ರ ಹೆಂಡತಿಯನ್ನು ಹುಡುಕಿದ್ದು ಒಂದೇ ತಿಂಗಳು. ಪೊಲೀಸರ ಬಳಿ ಮತ್ತೆ ಹೋಗಲಿಲ್ಲ. ಅವಳ ಸೀರೆಗಳನ್ನು ಹಿತ್ತಿಲಲ್ಲಿ ಸುಟ್ಟ. ಎಷ್ಟೋ ವರ್ಷಗಳಾದ ಮೇಲೆ ನೆಂಟರು ಉತ್ತರಕ್ರಿಯೆ ಮಾಡೋಣ ಎಂದಾಗ ಮಾತ್ರ ಸಿಡಿದೆದ್ದಿದ್ದ. ಸತ್ತಳೆಂದು ಒಪ್ಪಲಿಲ್ಲ, ಬದುಕಿದ್ದಾಳೆಂದು ಹುಡುಕಲೂ ಇಲ್ಲ. ಅವನಿಗೆ ಏನೋ ಗೊತ್ತಿದೆ ಎಂಬ ಗುಮಾನಿ ತೃಷಾಳ ಎದೆಯಲ್ಲಿ ಬಹಳ ಕಾಲದಿಂದ ಕೂತಿತ್ತು. ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಇರಲಿಲ್ಲ, ಅಷ್ಟೆ.

ಅಪ್ಪ ಜಗಲಿಯಲ್ಲಿ ಚಾ ಕುಡಿಯುತ್ತಿದ್ದ.

“ಆಫೀಸಿಗೆ ಫೋನ್ ಮಾಡಿದ್ಯಾ?”

“ನಾನಾ? ಎಂತಕ್ಕೆ?”

“ಅಮ್ಮನ ಫೋಟೊ ತೆಗೀಕಂತ. ಗಂಡ ಅಂತ ಹೇಳಿದ್ರಂಬ್ರ್.”

ರಾಘವೇಂದ್ರ ಲೋಟ ಕೆಳಗಿಟ್ಟ.

“ಗಂಡ ಅಂದ್ರಾ?”

“ಹೌದು.”

“ಗಂಡ ಅಂತಲೇ ಅಂದ್ರಾ?”

ತೃಷಾ ತಲೆಯಾಡಿಸಿದಳು. ಅವನು ಅಂಗಳದತ್ತ ತಿರುಗಿದ. ಮುಖ ಒಮ್ಮೆಲೇ ಮುದುಕನದಾಯಿತು.

“ಹಾಂಗಾರೆ ತೆಗ್ದ್ ಬಿಡ್ ಮಗಾ,” ಎಂದ. “ಇನ್ನ್ ಅದ್ ಇದ್ದ್ ಎಂತ ಪ್ರಯೋಜನ?”

ಅವಳಿಗೆ ಅಷ್ಟೇ ಸಾಕಾಯಿತು. ತಪ್ಪು ಒಪ್ಪಿಕೊಂಡ ಹಾಗೆಯೇ ಕೇಳಿಸಿತು.

“ಅಮ್ಮನಿಗೆ ಎಂತ ಮಾಡಿದ್ದೆ ನೀನು?”

ಅವನು ಮಗಳ ಮುಖ ನೋಡಿದ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆ ಬಾಗಿಲಿನ ಹಿಂದೆ ಅವನು ಅಳುತ್ತಿದ್ದುದು ಅವಳಿಗೆ ಕೇಳಿಸಿತು. ಕರಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅಪ್ಪನ ಜತೆ ಮಾತಾಡದೆ ಕೆಲಸಕ್ಕೆ ಬಂದಳು. ಲೀಲಾಧರ ಆಗಲೇ ವಿಷಯ ಕೇಳಿದ್ದರು. “ಗಂಡನೇ ಬ್ಯಾಡ ಅಂದ ಮೇಲೆ ನಮಗೆಂತ? ಅಳ್ಸ್ ಅದನ್ನ,” ಎಂದು ಹೊರಗೆ ಹೋದರು.

ತೃಷಾ ಅಳಿಸಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಯಾವ ಪುಟವನ್ನಾದರೂ ಮುಖಪುಟದ ತಲೆಯ ಮೇಲೆ ತಂದು ನಿಲ್ಲಿಸಬಹುದಿತ್ತು. ಅವಳು ತಾಯಿಯನ್ನು ಅಲ್ಲಿ ನಿಲ್ಲಿಸಿದಳು. ಚಿತ್ರವನ್ನು ದೊಡ್ಡದು ಮಾಡಿದಳು. ಓದುಗರ ಫೋನುಗಳಿಗೆಲ್ಲ ಹೋಗುವಂತೆ ಕಳಿಸಿಯೂ ಬಿಟ್ಟಳು. ಅಪ್ಪ ನೋಡಲಿ. ಊರೆಲ್ಲ ನೋಡಲಿ.

ಮಧ್ಯಾಹ್ನದೊಳಗೆ ಫೋನ್ ಬಡಿದುಕೊಂಡಿತು. ಮನೀಷ್ ಊಟಕ್ಕೆ ಹೋಗಿದ್ದ. ಅವಳೇ ಎತ್ತಿದಳು.

“ತೆಗೀಕ್ ಅಂದ್ರೆ ಮೇಲೆ ತಂದ್ ಹಾಕಿದ್ರಿಯಲ್ದಾ! ಎಂತ ನಿಮ್ಮ ಉದ್ದೇಶ?” ಒರಟು ಗಂಡು ದನಿ.

ಅಪ್ಪನ ದನಿಯಲ್ಲ.

“ಯಾರು ನೀವು?”

“ನಿನ್ನೆಯೇ ಹೇಳಿದ್ದೆ. ಗಂಡ.”

“ಸುಳ್ಳು!” ತೃಷಾ ಕಿರುಚಿದಳು. “ಬೇರೆ ಯಾರು ಹೇಳಿದ್ರೂ ತೆಗೆಯುದಿಲ್ಲ. ತೆಗೀಕಾರೆ ಜಲಜನೇ ಹೇಳ್ಕ್!”

ಅತ್ತ ಗುಸುಗುಸು. ಎಲ್ಲೋ ಕುಕ್ಕರಿನ ಸೀಟಿ. ಫೋನ್ ಕೈ ಬದಲಾಯಿತು.

“ಕೇಣ್ ಮಗಾ, ನಾನೇ ಜಲಜ,” ಎಂದಿತು ಹೆಣ್ಣು ದನಿ, ತಾನು ಯಾರನ್ನು ಮಗಾ ಎನ್ನುತ್ತಿದ್ದೇನೆಂದು ತಿಳಿಯದೆ. “ನಾ ಕಾಣೆ ಆದ್ದಲ್ಲ, ರಾಘವೇಂದ್ರರ ಹತ್ರ ಹೇಳಿಯೇ ಮನೆ ಬಿಟ್ಟ್ ಬಂದದ್, ಆ ಫೋಟೊ ತೆಗ್ದ್ ಹಾಕ್.”