ಅರ್ಧ ಪಾಲು

ಮನೆಕೆಲಸದಲ್ಲಿ ಅರ್ಧ ಪಾಲು ತನ್ನದು ಎಂದು ವಾರಿಜಾಳ ಗಂಡ ಮದುವೆಗೆ ಮುಂಚೆಯೇ ಮಾತು ಕೊಟ್ಟಿದ್ದ. ಹದಿನಾಲ್ಕು ವರ್ಷವಾಗಿ, ದೊಡ್ಡ ಪ್ರೊಫೆಸರ್ ಆದರೂ, ಅವಳ ಅಮ್ಮ ನಿಂಗಾಜಮ್ಮನ ಹೆಸರು ಕೆತ್ತಿದ್ದ ತವರುಮನೆಯ ಡಬ್ಬಿಯಲ್ಲಿ ಪ್ರತಿ ಶನಿವಾರ ರಾಗಿ ಹಿಟ್ಟು ತರುತ್ತಿದ್ದವನು ಅವನೇ. "ಇಂಥ ಗಂಡ ಯಾರಿಗೆ ಸಿಗ್ತಾನೆ ಕಣೇ" ಎಂದು ಗೆಳತಿಯರು ಕರುಬುತ್ತಿದ್ದರು.

ವಾರಿಜಾ ಗಂಡನಿದ್ದ ವಿಶ್ವವಿದ್ಯಾಲಯದಲ್ಲೇ, ವಿದ್ಯಾರ್ಥಿಗಳ ಬರಹಕ್ಕೆ ನೆರವಾಗುವ ಬರವಣಿಗೆ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಯಾರ ಬರಹಕ್ಕೂ ತಾನು ಪೆನ್ನು ತಾಗಿಸುತ್ತಿರಲಿಲ್ಲ. ಪ್ರಶ್ನೆ ಕೇಳಿ ಕೇಳಿ ಅವರಿಂದಲೇ ಬರೆಸುತ್ತಿದ್ದಳು. ಅಂದು ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಕುಲಪತಿಗಳಿಗೆ ಬರೆದ ದೂರು ಹಿಡಿದು ಬಂದಳು.

"'ಗೈಡ್ ಸ್ವಂತ ಕೆಲಸ ಮಾಡಿಸುತ್ತಾರೆ.' ಇಷ್ಟೇ ಬರೆದ್ರೆ ಯಾರು ನಂಬ್ತಾರಮ್ಮ?" ವಾರಿಜಾ ಓದಿ ಕೇಳಿದಳು.

"ಮನೆ ಸಾಮಾನೆಲ್ಲ ನಮ್ಮಿಂದಲೇ ತರಿಸ್ತಾರೆ ಮೇಡಂ. ಡಿಪಾರ್ಟ್‌ಮೆಂಟಿಗೆ ತಂದಿಟ್ರೆ ಸಂಜೆ ಕಾರಲ್ಲಿ ಒಯ್ತಾರೆ. ಮುಂಚೆ ಸೀನಿಯರ್ಸ್ ತರ್ತಿದ್ರು, ಈಗ ನಾನು. ಆಗಲ್ಲ ಅಂದಿದ್ದಕ್ಕೆ ನನ್ನ ಥೀಸಿಸ್ ಆರು ತಿಂಗಳಿಂದ ಅವರ ಮೇಜಿನ ಮೇಲೆ ಕೊಳೀತಿದೆ. ಆ ಭಯಕ್ಕೆ ಇನ್ನೂ ತರ್ತಾನೇ ಇದ್ದೀನಿ."

ವಾರಿಜಾ ನಕ್ಕಳು. "ಅವರ ಹೆಂಡತಿ ಎಂಥಾ ಮಹಾರಾಣಿಯೋ. ಸಾಕ್ಷಿ ಏನಾದ್ರೂ ಇದೆಯಾ?"

"ಹಿಟ್ಟಿನ ಗಿರಣಿಯವರೇ ಸಾಕ್ಷಿ. ಡಬ್ಬಿ ಮೇಲಿನ ಹೆಸರು ನೋಡಿ ನನ್ನನ್ನ ನಿಂಗಾಜಮ್ಮ ಅಂತಲೇ ಕೂಗ್ತಾರೆ."

ವಾರಿಜಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಂಡಳು.

"ಅದನ್ನೂ ಬರಿ."

"ಗೈಡ್ ಹೆಸರು ಬೇಕಾ ಮೇಡಂ?"

"ಬೇಕು. ಇನಿಷಿಯಲ್ ಸಮೇತ ಬರಿ."

ಗಂಡನ ಪಾಲಿನ ಕೆಲಸ ಹದಿನಾಲ್ಕು ವರ್ಷದಲ್ಲಿ ಒಂದು ವಾರವೂ ತಪ್ಪಿರಲಿಲ್ಲ.