ನಿದ್ದೆರಾಯನ ತನಿಖೆ

"ಚೀಲ ತೋರಿಸಿ ಅಮ್ಮಾ."

ಮುದುಕಿ ಚೀಲವನ್ನು ಎದೆಗೆ ಅವುಚಿಕೊಂಡಳು. ಹಿರಿಯ ಗುಮಾಸ್ತ ಬಾಗಿಲಿಗೆ ಅಡ್ಡ ನಿಂತಿದ್ದ. ಒಳಗೆ ಕುರ್ಚಿ ಜೋಡಿಸುವ ಸದ್ದು. ಹನ್ನೊಂದು ಗಂಟೆಗೆ ತನಿಖಾ ಆಯೋಗದ ವರದಿ ಬಿಡುಗಡೆ. ಇಪ್ಪತ್ತಾರು ವರ್ಷ ಕಾದವಳಿಗೆ ಇನ್ನು ಉಳಿದದ್ದು ಇಪ್ಪತ್ತೇ ನಿಮಿಷ.

"ಏನಿದೆ ಅಂತ ನಿನಗೆ ಗೊತ್ತಿಲ್ವೇನಪ್ಪ? ಇವತ್ತು ಸೋಮವಾರ. ಅರ್ಜಿ."

ಗುಮಾಸ್ತ ಗೋಡೆಯ ಗಡಿಯಾರದತ್ತ ನೋಡಿದ. "ಇವತ್ತು ಅರ್ಜಿ ತಗೊಳ್ಳಲ್ಲ. ಸೀಲು ಕಳೆದುಹೋಗಿದೆ."

"ನಿನ್ನ ಕೈಯಲ್ಲಿರೋದೇನು?"

ಅವನು ಸೀಲನ್ನು ಜೇಬಿಗೆ ಇಳಿಸಿದ. "ಇದು ಬೇರೆ ಸೀಲು."

ಮುದುಕಿ ಅವನ ಜೇಬನ್ನೇ ದಿಟ್ಟಿಸಿದಳು. ಇವರೇನೋ ಮುಚ್ಚಿಡುತ್ತಿದ್ದಾರೆ.

ಇಪ್ಪತ್ತಾರು ವರ್ಷದ ಹಿಂದೆ ಊರಿನ ನೀರಿನ ಟ್ಯಾಂಕು ಒಡೆದು ಅಂಗಡಿಬೀದಿಯೆಲ್ಲ ಮುಳುಗಿತ್ತು. ಯಾರೂ ಸಾಯಲಿಲ್ಲ, ದೇವರು ದೊಡ್ಡವನು. ಆದರೆ ನಲವತ್ತು ಅಂಗಡಿಗಳ ಬಟ್ಟೆ, ಸಕ್ಕರೆ, ಕಾಗದ ಎಲ್ಲ ನೀರುಪಾಲಾಯಿತು. ಟ್ಯಾಂಕಿನ ವಾಲ್ವು ನೋಡಿಕೊಳ್ಳುತ್ತಿದ್ದವನು ಅವಳ ಗಂಡ. ಅವನು ನಿದ್ದೆ ಹೋಗಿದ್ದನಂತೆ ಎಂದು ಯಾರೋ ಅಂದರು. ಮರುದಿನ ಬೆಳಗಾಗುವುದರೊಳಗೆ ಅವನಿಗೆ ನಿದ್ದೆರಾಯ ಎಂಬ ಹೆಸರು ಬಿದ್ದಿತ್ತು. ಅಂದಿನಿಂದ ಅವನು ಹೊಸಿಲು ದಾಟಿಲ್ಲ. ಕ್ಷೌರದವನೂ ಮನೆಗೇ ಬರಬೇಕು. "ವರದಿ ಬರಲಿ, ಆಮೇಲೆ ಬೀದಿಗಿಳೀತೀನಿ," ಎನ್ನುವುದೇ ಅವನ ಪಲ್ಲವಿ.

ಪ್ರತಿ ಭಾನುವಾರ ಅವನು ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆಯುತ್ತಿದ್ದ: ವರದಿಯನ್ನು ಬೇಗ ಪ್ರಕಟಿಸಬೇಕಾಗಿ ಪ್ರಾರ್ಥನೆ. ಸೋಮವಾರ ಅವಳು ಅದನ್ನು ಒಯ್ದು ಕೊಟ್ಟು ಬರುತ್ತಿದ್ದಳು. ಮಳೆ ಬರಲಿ, ಮಗಳ ಬಾಣಂತನವಿರಲಿ, ಸೋಮವಾರ ತಪ್ಪುತ್ತಿರಲಿಲ್ಲ. ಆಯೋಗಕ್ಕೆ ಮೂವರು ಅಧ್ಯಕ್ಷರು ಬಂದು ಹೋದರು. ಬದಲಾಗದೆ ಉಳಿದವರು ಇಬ್ಬರೇ: ಈ ಗುಮಾಸ್ತ ಮತ್ತು ಅವಳು. ಯಾವುದೋ ದೊಡ್ಡ ಕೈ ವರದಿಯನ್ನು ತಡೆದಿದೆ ಎಂದು ಪೇಟೆಯಲ್ಲೆಲ್ಲ ಮಾತು. ಕಂಟ್ರಾಕ್ಟರು ಎಂದರು ಕೆಲವರು. ಮಂತ್ರಿಯ ಷಡ್ಡಕ ಎಂದರು ಇನ್ನು ಕೆಲವರು. ಗುಮಾಸ್ತನೊಬ್ಬನೇ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ: "ನಿಮ್ಮ ಅರ್ಜಿಗೆ ಉತ್ತರ ಬರೆಯದೆ ಈ ಆಫೀಸಲ್ಲಿ ಒಂದು ಹಾಳೆನೂ ಅಲ್ಲಾಡಲ್ಲಮ್ಮ." ಆ ಒಂದು ಮಾತಿಗಾಗಿ ಅವಳು ಅವನ ಹೆಸರನ್ನು ದಿನವೂ ಪ್ರಾರ್ಥನೆಯಲ್ಲಿ ನೆನೆಯುತ್ತಿದ್ದಳು.

ಈ ವರ್ಷ ಮಾತ್ರ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಹದಿನೈದು ವಾರ ಹಾಸಿಗೆ. ಕೇಳುವವರಿಲ್ಲವೆಂದರೆ ಇವರು ಕಡತವನ್ನೇ ಮರೆತುಬಿಡುತ್ತಾರೆ ಎಂದು ಕಣ್ಣೀರಿಟ್ಟಿದ್ದಳು. ಆದರೆ ವರದಿ ಹೊರಬರುತ್ತಿದೆ ಎಂಬ ಕಾಗದ ತಾನಾಗಿಯೇ ಮನೆಗೆ ಬಂತು. ಪ್ರಾರ್ಥನೆ ಫಲಿಸಿತೆಂದುಕೊಂಡಳು. ಆದರೂ ಈ ಸೋಮವಾರದ ಅರ್ಜಿಯನ್ನು ಬಿಡಲಾದೀತೆ? ಕೊನೆಯ ಗಳಿಗೆಯಲ್ಲಿ ಏನಾಗುವುದೋ ಯಾರು ಬಲ್ಲರು.

"ನಮ್ಮನೆಯವರ ಮೇಲೆ ಏನೋ ಬರೆದಿದ್ದೀರಿ. ಅದಕ್ಕೇ ನನ್ನನ್ನ ತಡೀತಿದ್ದೀಯ," ಎಂದಳು.

"ಅಯ್ಯೋ ತಾಯಿ, ಕೈ ಮುಗೀತೀನಿ. ಹನ್ನೊಂದು ಹೊಡೀಲಿ, ಆಮೇಲೆ ಹತ್ತು ಅರ್ಜಿ ಕೊಡಿ."

ಅವಳು ಊರುಗೋಲು ಊರುತ್ತ ಟಪಾಲು ಕಿಟಕಿಯತ್ತ ಹೊರಟಳು. ಕಿಟಕಿ ಮುಚ್ಚಿತು. ಪಕ್ಕದ ಕಿಟಕಿಯೂ ಮುಚ್ಚಿತು. ಜವಾನ ಓಡಿಹೋಗಿ ಅರ್ಜಿ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟ.

"ಏಳಯ್ಯ!"

"ಕಾಲು ನೋವಜ್ಜಿ."

"ಮೂಳೆ ಮುರಿದಿರೋದು ನನ್ನದು, ನೋವು ನಿನಗಾ?"

ಗಂಟೆ ಹನ್ನೊಂದು ಹೊಡೆಯಿತು. ಇಡೀ ಕಚೇರಿ ಒಟ್ಟಿಗೆ ಉಸಿರುಬಿಟ್ಟಿತು. ಗುಮಾಸ್ತ ಬೆವರು ಒರೆಸಿಕೊಂಡು ಮೊದಲ ಪ್ರತಿಯನ್ನು ಅವಳ ಕೈಗೇ ಇಟ್ಟ. "ನಿಮ್ಮ ಯಜಮಾನರ ವಿಷಯ ಮುನ್ನೂರನೇ ಪುಟದಲ್ಲಿದೆ. ಕೊನೇ ಪುಟ ಓದದಿದ್ರೂ ನಡೆಯುತ್ತೆ."

ಮನೆಗೆ ಬಂದು ಅವಳು ಗಂಡನಿಗೆ ಎರಡು ಸಲ ಓದಿ ಹೇಳಿದಳು. ವಾಲ್ವಿನವನು ಎಚ್ಚರವಾಗಿಯೇ ಇದ್ದ. ಟ್ಯಾಂಕಿನ ತಳ ತುಕ್ಕು ಹಿಡಿದಿದೆ ಎಂದು ಮೊದಲೇ ಮೂರು ಸಲ ತಿಳಿಸಿದ್ದ. ಅವನು ನಿರ್ದೋಷಿ. ಕೆಳಗೆ ಸಹಿ, ತಾರೀಕು. ತಾರೀಕು ಇಪ್ಪತ್ತೈದು ವರ್ಷ ಹಿಂದಿನದು.

ಬೀದಿಗಿಳಿಯಲೆಂದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಮುದುಕನ ಕೈ ನಿಂತಿತು.

"ಆಗಲೇ ಬರೆದಿಟ್ಟಿದ್ರಾ? ಹಾಗಾದ್ರೆ ಇಷ್ಟು ವರ್ಷ ತಡೆದವನು ಯಾವನೇ? ಹೆಸರು ಓದು. ಇವತ್ತೇ ಅವನ ಮನೆ ಬಾಗಿಲಲ್ಲಿ ನಿಂತು ಕೇಳ್ತೀನಿ."

ಅವಳು ಕೊನೆಯ ಪುಟ ತೆರೆದಳು. "ವಿಳಂಬಕ್ಕೆ ಕಾರಣ," ಎಂದು ಗಟ್ಟಿಯಾಗಿ ಶುರುಮಾಡಿದವಳು, ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡಳು.

'ಒಂದೇ ಒಂದು ಅರ್ಜಿ ಬಾಕಿಯಿದ್ದರೂ ವರದಿಯನ್ನು ಹೊರಡಿಸಬಾರದೆಂಬುದು ಆಯೋಗದ ನಿಯಮ; ಒಂದಕ್ಕೆ ಉತ್ತರ ಬರೆದು ಮುಗಿಸುವುದರೊಳಗೆ ಮುಂದಿನದು ಬರುತ್ತಿತ್ತು. ಬೇಗ ಪ್ರಕಟಿಸಿರೆಂದು ಸದರಿ ವಾಲ್ವಿನವನ ಮನೆಯಿಂದ ಸೋಮವಾರಕ್ಕೊಂದರಂತೆ ಬಂದ ಅರ್ಜಿಗಳು ಸಾವಿರದ ಮುನ್ನೂರ ಹನ್ನೊಂದು.'